ಏಳು ಮಿಲಿಮೀಟರು ಕುಗ್ಗಿದ ತಾಲಿಬ

ಹಿಂದವಾಡಿ, ಬೆಳಗಾವಿ
ಫೆಬ್ರುವರಿ 3, 2025

ತನ್ನೂ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕುವ ಮೊದಲು ಒಂದು ಪುಟ ಓದು, ಆಮೇಲೆ ನಿನ್ನಿಷ್ಟ. ಮೂರು ವರ್ಷದಿಂದ ನಿನ್ನ ಫೋನು ನನ್ನ ನಂಬರನ್ನು ಒಳಗೆ ಬಿಟ್ಟುಕೊಂಡಿಲ್ಲ. ಅಂಚೆಯವನು ಹಾಗೆಲ್ಲ ತಡೆಯುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಾನೀಗ ಇಲ್ಲಿ ಒಂದು ಕಚೇರಿಯಲ್ಲಿದ್ದೇನೆ. ತಾಲೂಕುಗಳ ಅಂಗನವಾಡಿಗಳಿಂದ ಬರುವ ಮಕ್ಕಳ ತೂಕ, ಎತ್ತರದ ಅಂಕಿಗಳನ್ನು ತಾಳೆ ನೋಡುವುದು ಕೆಲಸ. ಹೆಚ್ಚಿನ ದಿನ ಆಕಳಿಸುತ್ತಲೇ ಮಾಡುತ್ತೇನೆ. ಆದರೆ ಮೊನ್ನೆ ಖಾನಾಪುರದ ಪಟ್ಟಿಯಲ್ಲಿ ಒಂದು ಸಾಲು ಕಂಡು ನೆಟ್ಟಗೆ ಕುಳಿತೆ. ಮಗು ತಾಲಿಬ, ತಾಯಿ ತರನ್ನುಮ, ತಂದೆ ಅಮ್ಜದ. ನಿನಗೊಬ್ಬ ಮಗನಿದ್ದಾನೆ ಎಂಬುದೇ ನನಗೆ ಆಗ ತಿಳಿದದ್ದು.

ಆಮೇಲೆ ಅಂಕಿ ನೋಡಿದೆ. ನವೆಂಬರಿನಲ್ಲಿ, ಹದಿಮೂರು ತಿಂಗಳಿದ್ದಾಗ, ಅವನ ಉದ್ದ 72 ಸೆಂಟಿಮೀಟರು. ಡಿಸೆಂಬರ್ ಖಾಲಿ. ಜನವರಿಯಲ್ಲಿ, ಹದಿನೈದು ತಿಂಗಳಿಗೆ, 71.3. ಎರಡು ತಿಂಗಳಲ್ಲಿ ನಿನ್ನ ಮಗ ಏಳು ಮಿಲಿಮೀಟರು ಕುಗ್ಗಿದ್ದಾನೆ!

ಬೇರೆಯವರ ಮಗುವಾಗಿದ್ದರೆ ‘ತಪ್ಪು ನಮೂದು’ ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಆದರೆ ನನ್ನ ಸ್ವಭಾವ ನಿನಗೆ ಗೊತ್ತು. ಅನಗೋಳದ ಶಾಲೆಯಲ್ಲಿ ಒಡೆದ ಥರ್ಮಾಮೀಟರಿನ ಪಾದರಸ ಹಿಡಿಯಲು ನೆಲದ ಮೇಲೆ ಹರಿದಾಡಿದವಳು ನಾನು, ನನ್ನ ಜೊತೆಗಿದ್ದ ತಪ್ಪಿಗೆ ಬೈಸಿಕೊಂಡವಳು ನೀನು. ಈ ಏಳು ಮಿಲಿಮೀಟರು ಎಲ್ಲಿ ಹೋಯಿತು ಎಂದು ತಿಳಿಯದೆ ನನಗೆ ಸಮಾಧಾನವಿಲ್ಲ. ಹೇಗೆ ಅಳೆದರು, ಯಾರು ಅಳೆದರು, ಇಷ್ಟು ಬರೆದರೆ ಸಾಕು.

ನಿನ್ನ ಮದುವೆಯ ದಿನ ನಾನಾಡಿದ ಮಾತಿನ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬೇರೆ ಹಾಳೆ ಬೇಕು.

ಪದ್ಮಶ್ರೀ


ಖಾನಾಪುರ
ಫೆಬ್ರುವರಿ 14, 2025

ಪದ್ಮಶ್ರೀ,

ನನ್ನ ಮಗ ಕುಗ್ಗಿಲ್ಲ. ನಿನ್ನ ಕಂಪ್ಯೂಟರು ಕುಗ್ಗಿರಬೇಕು.

ನಿನ್ನ ಲಕೋಟೆಯಿಂದ ಮನೆಯಲ್ಲಿ ಗದ್ದಲವೇ ಆಯಿತು. ನಮ್ಮ ಅತ್ತೆ ಫಕ್ರುನ್ನಿಸಾಗೆ ಕನ್ನಡ ಓದಲು ಬರುವುದಿಲ್ಲ. ಈ ಕಾಲದಲ್ಲಿ ಮನೆಗೆ ಕಾಗದ ಬಂತೆಂದರೆ ಕೋರ್ಟಿನದೇ ಇರಬೇಕೆಂದು, ಅಮ್ಜದ ಹಂಚಿನ ಕಾರ್ಖಾನೆಯಿಂದ ಬರುವವರೆಗೆ ಅದನ್ನು ಅಕ್ಕಿ ಡಬ್ಬಿಯ ಕೆಳಗೆ ಬಚ್ಚಿಟ್ಟಿದ್ದರು. ಅಮ್ಜದ ಓದಿ ನಕ್ಕ. ನನಗೆ ನಗು ಬರಲಿಲ್ಲ.

ಮಗನ ಹೆಸರು ಅಂಗನವಾಡಿಯ ಪಟ್ಟಿಗೆ ಸೇರಲಿ ಎಂದು ನಾನು ಸಹಿ ಮಾಡಿದ್ದು ನಿಜ. ಅದನ್ನು ನೀನು ಓದಿ ಮೋಜು ನೋಡಬೇಕೆಂದು ಸಹಿ ಮಾಡಿಲ್ಲ. ತಾಲಿಬ ಗುಂಡಗಿದ್ದಾನೆ, ದಿನವಿಡೀ ಓಡಾಡುತ್ತಾನೆ, ತೂಕ ಸರಿಯಿದೆ. ಸ್ವಲ್ಪ ಗಿಡ್ಡ, ಅಪ್ಪನ ಹಾಗೆ. ಅಷ್ಟೇ.

ಮದುವೆಯ ದಿನದ ಮಾತನ್ನು ನೀನು ಬರೆಯದಿದ್ದರೆ ನಾನೇ ಬರೆಯುತ್ತೇನೆ. ‘ಬಿ.ಎಸ್ಸಿ. ಅರ್ಧಕ್ಕ ಬಿಟ್ಟು ಒಲಿ ಊದಾಕ ಹೊಂಟಾಳ ನೋಡ್ರಿ ನಮ್ಮ ಜಾಣಿ.’ ನನ್ನ ಅತ್ತೆಯ ಎದುರಿಗೇ ಹೇಳಿದೆ. ಅವರಿಗೆ ಓದಲು ಬರದಿರಬಹುದು, ಕಿವಿ ಚೆನ್ನಾಗಿ ಕೇಳುತ್ತದೆ.

ನಿನ್ನ ಮೂಗು ಇನ್ನೊಬ್ಬರ ಮನೆಗೆ ತಿರುಗದಿರಲಿ ಎಂದು ಉತ್ತರವನ್ನೂ ಕೊಟ್ಟುಬಿಡುತ್ತೇನೆ. ನವೆಂಬರಿನಲ್ಲಿ ಅಂಗನವಾಡಿಯ ಮಾಯಕ್ಕ ಅವನನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ ಅಳೆದಳು. ಡಿಸೆಂಬರಿನಲ್ಲಿ ಅವನಿಗೆ ಭೇದಿಯಾಗಿತ್ತು, ಹೋಗಲಿಲ್ಲ. ಜನವರಿಯಲ್ಲಿ ಅಮ್ಮಿ, ಅಂದರೆ ನಮ್ಮ ಅತ್ತೆ, ನಮ್ಮ ಜೊತೆ ಬಂದಿದ್ದರು. ಹಲಗೆಯ ಮೇಲೆ ಮಲಗಿಸುತ್ತಿದ್ದಂತೆ ಮಗುವನ್ನು ಕಸಿದುಕೊಂಡರು. ಯಾಕೆಂದು ಹೇಳಲಿಲ್ಲ. ಕೊನೆಗೆ ಮಾಯಕ್ಕ ಗೋಡೆಗೆ ನಿಲ್ಲಿಸಿ ಅಳೆದುಕೊಂಡಳು.

ಸಮಾಧಾನ ಆಯಿತೇ? ಇನ್ನು ಬರೆಯಬೇಡ.

ತರನ್ನುಮ


ಹಿಂದವಾಡಿ, ಬೆಳಗಾವಿ
ಫೆಬ್ರುವರಿ 20, 2025

ತನ್ನೂ,

ಬರೆಯಬೇಡ ಅಂದೆ. ಆದರೂ ಬರೆಯಲೇಬೇಕಾಗಿದೆ. ಇದನ್ನು ಓದಿ ಮುಗಿಸಿದ ಮೇಲೆ ಇನ್ನೂ ಮೂರು ವರ್ಷ ಮಾತು ಬಿಟ್ಟರೂ ಸರಿ.

ನಿನ್ನ ಪತ್ರದಿಂದ ಒಗಟು ಬಿಡಿಸಿದಂತಾಯಿತು. ಮಗು ಮಲಗಿದಾಗ, ನಿಂತಾಗಿನದಕ್ಕಿಂತ ಸುಮಾರು ಏಳು ಮಿಲಿಮೀಟರು ಉದ್ದ ಇರುತ್ತದೆ. ಎರಡು ವರ್ಷದೊಳಗಿನವರನ್ನು ಮಲಗಿಸಿಯೇ ಅಳೆಯಬೇಕೆಂಬ ನಿಯಮವಿದೆ. ನವೆಂಬರಿನ ಅಂಕಿ ಮಲಗಿದ್ದು, ಜನವರಿಯದು ನಿಂತದ್ದು. ಜನವರಿಯ ಅಂಕಿಗೆ ಏಳು ಸೇರಿಸಿದರೆ ಸರಿಯಾಗಿ 72. ಲೆಕ್ಕ ಕೂಡಿದಾಗ ಖುಷಿಯಿಂದ ಮೇಜು ಬಡಿದೆ. ಬಾಜುದಲ್ಲಿ ಕೂಡುವ ಪೂರ್ಣಿಮಾ ಬೆಚ್ಚಿಬಿದ್ದಳು.

ಆಮೇಲೆ ಅದೇ 72 ಅನ್ನು ಇನ್ನೊಮ್ಮೆ ನೋಡಿದೆ. ನವೆಂಬರಿನಲ್ಲಿ 72, ಜನವರಿಯಲ್ಲೂ 72. ಈ ವಯಸ್ಸಿನಲ್ಲಿ ಮಗು ತಿಂಗಳಿಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರು ಬೆಳೆಯಬೇಕು. ತಾಲಿಬ ಕುಗ್ಗಿಲ್ಲ ತನ್ನೂ, ನೀನು ಹೇಳಿದ್ದು ನಿಜ. ಆದರೆ ಎರಡು ತಿಂಗಳಲ್ಲಿ ಬೆಳೆದೂ ಇಲ್ಲ. ಹದಿನೈದು ತಿಂಗಳ ಗಂಡು ಮಗುವಿಗೆ ಇದಕ್ಕಿಂತ ಕೆಳಗೆ ಇರಬಾರದು ಎಂಬ ಗೆರೆ ಇರುವುದು 74.1ಕ್ಕೆ. ಅವನು ಅದಕ್ಕಿಂತ ಎರಡು ಸೆಂಟಿಮೀಟರು ಕೆಳಗಿದ್ದಾನೆ.

ಅಳತೆಯಲ್ಲಿ ನನ್ನದೋ ಮಾಯಕ್ಕನದೋ ತಪ್ಪಿರಬಹುದು. ಇರಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ. ಮಗು ಗುಂಡಗಿದ್ದರೂ, ಓಡಾಡಿದರೂ, ಉದ್ದಕ್ಕೆ ಹಿಂದೆ ಬೀಳಬಹುದಂತೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಳತೆಗೆ ಮಾತ್ರ ಕಾಣುತ್ತದೆ. ಬರೀ ಎತ್ತರದ ಮಾತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮೈ ಹೀಗೆ ನಿಂತರೆ ಬುದ್ಧಿ, ಕಲಿಕೆ, ರೋಗ ತಡೆಯುವ ಶಕ್ತಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಎರಡು ವರ್ಷದೊಳಗೆ ನೋಡಿಕೊಂಡರೆ ಬಹಳಷ್ಟು ಸರಿಹೋಗುತ್ತದೆ, ಆಮೇಲೆ ಕಷ್ಟ.

ಡಾಕ್ಟರಿಗೆ ತೋರಿಸು. ಮಲಗಿಸಿ ಅಳೆಸು. ಮತ್ತೆ, ಅವನು ಏನೇನು ತಿನ್ನುತ್ತಾನೆ?

ಇನ್ನೊಂದು. ಗೆಳತಿಯ ಮಗುವಿನ ಅಂಕಿ ನೋಡಿ ಪತ್ರ ಬರೆದೆ ಎಂದು ನಮ್ಮ ಮೇಲಧಿಕಾರಿಗೆ ನಾನೇ ಹೇಳಿಬಿಟ್ಟೆ. ಬೈದು, ಖಾನಾಪುರದ ಪಟ್ಟಿಯನ್ನು ನನ್ನಿಂದ ತೆಗೆದು ಪೂರ್ಣಿಮಾಳಿಗೆ ಕೊಟ್ಟರು. ಸರಿಯಾಗಿಯೇ ಮಾಡಿದರು. ಇನ್ನು ಮುಂದೆ ತಾಲಿಬ ಎಷ್ಟಿದ್ದಾನೆ ಎಂಬುದು ನೀನು ಹೇಳಿದರೆ ಮಾತ್ರ ನನಗೆ ಗೊತ್ತಾಗುತ್ತದೆ.

ಪದ್ದಿ


ಖಾನಾಪುರ
ಏಪ್ರಿಲ್ 2, 2025

ಪದ್ದಿ,

ನಿನ್ನ ಪತ್ರ ಓದಿ ನಾಲ್ಕು ದಿನ ನಿನ್ನ ಮೇಲೆ ಸಿಟ್ಟಾದೆ. ಐದನೆಯ ದಿನ ಸಿಟ್ಟು ನನ್ನ ಮೇಲೆ ತಿರುಗಿತು. ಓದಿದವಳು ನಾನು, ಮಗನ ಚಪ್ಪಲಿ ಐದು ತಿಂಗಳಿಂದ ಬದಲಾಗಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಳ್ಳೆಯ ಚಪ್ಪಲಿ, ಬಾಳಿಕೆ ಬಂತು ಎಂದುಕೊಂಡಿದ್ದೆ. ಹೆದರಿದ್ದೇನೆ ಪದ್ದಿ, ಬಹಳ ಹೆದರಿದ್ದೇನೆ.

ಮಾರ್ಚಿನಲ್ಲಿ ಅಮ್ಮಿಗೆ ಹೇಳದೆ ದವಾಖಾನೆಗೆ ಹೋದೆ. ಅಲ್ಲಿ ಮಲಗಿಸಿ ಅಳೆದರು. ಹದಿನೇಳು ತಿಂಗಳಿಗೆ 73.6. ಇರಬೇಕಾದ ಗೆರೆ 76. ಡಾಕ್ಟರಮ್ಮ ಬೈಯಲಿಲ್ಲ. ಅಪ್ಪ ಗಿಡ್ಡ ಎಂದು ಹೇಳಲು ಹೋದೆ. ‘ಅಪ್ಪನ ಲೆಕ್ಕ ಆಮ್ಯಾಲೆ ನೋಡೂಣು, ಮೊದಲ ಇಂವಾ ಏನ್ ಉಣ್ತಾನ ಹೇಳ್ರಿ’ ಅಂದರು.

ಹೇಳಿದೆ. ಎದೆಹಾಲು, ಬೆಳಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕೀಟು, ಮಧ್ಯಾಹ್ನ ಮತ್ತು ರಾತ್ರಿ ಬೇಳೆಕಟ್ಟು. ತೊಗರಿಬೇಳೆ ಬೇಯಿಸಿ, ಮೇಲಿನ ತಿಳಿ ಬಸಿದು, ಅಮ್ಮಿಯೇ ಬಟ್ಟೆಯಲ್ಲಿ ಸೋಸಿ ಬಟ್ಟಲು ತುಂಬ ಕುಡಿಸುತ್ತಾರೆ. ಸತ್ವವೆಲ್ಲ ಕಟ್ಟಿನಲ್ಲೇ ಇಳಿದಿರುತ್ತದೆ ಎಂದು ಅವರೂ ನಂಬಿದ್ದಾರೆ, ನಾನೂ ನಂಬಿದ್ದೆ. ಎಂಟು ತಿಂಗಳಿದ್ದಾಗ ಒಂದು ಅಗುಳು ಗಂಟಲಿಗೆ ಸಿಕ್ಕಿ ಅವನು ನೀಲಿಯಾಗಿದ್ದ. ಅಂದಿನಿಂದ ಸೋಸದೆ ಏನನ್ನೂ ಕೊಟ್ಟಿಲ್ಲ. ಡಿಸೆಂಬರಿನ ಭೇದಿಯಲ್ಲಂತೂ ಒಂಬತ್ತು ದಿನ ಬರೀ ಗಂಜಿಯ ತಿಳಿ.

ಡಾಕ್ಟರಮ್ಮ ಒಂದು ಚಮಚ ತರಿಸಿ ನನ್ನ ಕೈಗೆ ಕೊಟ್ಟು ಅಂದರು: ‘ಚಮಚಾ ಓರೆ ಮಾಡಿದ್ರ ಊಟ ಕೆಳಗ ಸುರೀಬಾರ್ದು, ಅಷ್ಟ ಗಟ್ಟಿ ಇರಬೇಕು. ನೀರು ಕುಡಿಸಿ ಹೊಟ್ಟಿ ತುಂಬಿಸಾಕತ್ತೀರಿ ನೀವು.’ ಭೇದಿಯಾದಾಗ ಓಆರ್‌ಎಸ್, ಝಿಂಕ್ ಜೊತೆ ಊಟ, ಎದೆಹಾಲು ಎರಡನ್ನೂ ನಿಲ್ಲಿಸಬಾರದಂತೆ. ವಾಸಿಯಾದ ಮೇಲೆ ಇನ್ನೊಂದು ಹೊತ್ತು ಹೆಚ್ಚು ಕೊಡಬೇಕಂತೆ.

ಮನೆಗೆ ಬಂದು ಅಮ್ಮಿಗೆ ಎಲ್ಲ ಹೇಳಿದೆ, ಮಲಗಿಸಿ ಅಳೆಸಿದ್ದನ್ನೂ. ರಮಜಾನಿನ ಕೊನೆಯ ವಾರವಿಡೀ ಅವರು ನನ್ನ ಜೊತೆ ಮಾತಾಡಲಿಲ್ಲ. ಮಾಯಕ್ಕ ಮನೆಗೇ ಬಂದು ಕೇಳಿದಳು: ‘ಹಲಗಿ ಕಂಡ್ರ ಹಿಂಗ್ಯಾಕ ಮಾಡ್ತೀರಿ ಅಮ್ಮಿ? ಏನ್ ಆಗತೈತಿ ಅದಕ್ಕ?’

ಅಮ್ಮಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಅಂದರು: ‘ನೀನೂ ಮಲಗಿಸಿ ಅಳಿತಿ, ನಾನೂ ಮಲಗಿಸಿ ಅಳಿತೀನಿ, ಮಾಯಕ್ಕ. ನಾ ಅಳದಾವ್ರು ಯಾರೂ ಎದ್ದಿಲ್ಲ.’

ನಿನಗೆ ಗೊತ್ತಿಲ್ಲ. ನಮ್ಮ ಮೊಹಲ್ಲಾದಲ್ಲಿ ಹೆಂಗಸರು, ಸಣ್ಣ ಮಕ್ಕಳು ತೀರಿಕೊಂಡರೆ ಮೈ ತೊಳೆದು ಕಫನಿನ ಬಟ್ಟೆ ಉಡಿಸುವವರು ಅಮ್ಮಿ. ಹಲಗೆಯ ಮೇಲೆ ಮಲಗಿಸಿ, ತಲೆಯಿಂದ ಪಾದದವರೆಗೆ ಅಳೆದು ಬಟ್ಟೆ ಹರಿಯುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಮಾಡುತ್ತಿದ್ದಾರೆ. ಮಾಯಕ್ಕ ಹೋದ ಮೇಲೆ ಅಡುಗೆಮನೆಗೆ ಬಂದು, ನಮ್ಮ ಮನೆಮಾತಿನಲ್ಲಿ, ನನ್ನ ಕಡೆ ಬೆನ್ನು ಮಾಡಿ ನಿಂತು ಇನ್ನೊಂದು ಮಾತು ಹೇಳಿದರು. ಮೊಟ್ಟಮೊದಲು ಅವರು ಅಳೆದದ್ದು ತಮ್ಮ ಮಗಳನ್ನೇ ಅಂತೆ. ಒಂದೂವರೆ ವರ್ಷದ ಕೂಸು, ವಾಂತಿಭೇದಿ. ಅಮ್ಜದನಿಗೆ ಅಕ್ಕನೊಬ್ಬಳು ಇದ್ದಳೆಂಬುದು ಅವನಿಗೇ ಗೊತ್ತಿಲ್ಲ.

ನಾನು ಹೋಗಿ ಅವರ ಪಕ್ಕ ನಿಂತು ಹಿಟ್ಟು ನಾದಿದೆ.

ಈದ್‌ಗೆ ತಾಲಿಬನಿಗೆ ಬಿಳಿ ಪೈಜಾಮ ಹೊಲಿದುಕೊಟ್ಟಿದ್ದಾರೆ. ಈಗ ಮಾತಾಡುತ್ತಾರೆ. ಆದರೆ ಕಟ್ಟು ಸೋಸುವುದು ನಿಂತಿಲ್ಲ.

ನಂಬರು ತೆರೆದಿದ್ದೇನೆ. ಆದರೂ ಕಾಗದವನ್ನೇ ಬರೆ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ.

ತನ್ನೂ


ಹಿಂದವಾಡಿ, ಬೆಳಗಾವಿ
ಏಪ್ರಿಲ್ 9, 2025

ತನ್ನೂ,

ಮೊದಲು ಬೇರೆ ಹಾಳೆಯ ಮಾತು. ನಿನ್ನ ಮದುವೆಯ ದಿನ ನನಗೆ ಹೊಟ್ಟೆಕಿಚ್ಚಾಗಿತ್ತು. ಪ್ರಯೋಗಶಾಲೆಯಲ್ಲಿ ನನ್ನ ಪಕ್ಕದ ಸ್ಟೂಲು ಖಾಲಿಯಾಗುತ್ತದೆ ಎಂಬ ಸಂಕಟವನ್ನು ಬುದ್ಧಿವಾದ ಮಾಡಿ ನಿನ್ನ ಮೇಲೆ ಎಸೆದೆ. ತಪ್ಪು ನನ್ನದು. ನಿಮ್ಮ ಅತ್ತೆಯವರಿಗೂ ಇದನ್ನು ಹೇಳು. ಅವರ ಮಗಳ ವಿಷಯ ಓದಿ ಆ ದಿನ ನನ್ನಿಂದ ಕೆಲಸವಾಗಲಿಲ್ಲ.

ಈಗ ನನ್ನ ಪ್ರಶ್ನೆ. ನಿನ್ನ ಪತ್ರ ಓದಿದಾಗಿನಿಂದ ಕೊರೆಯುತ್ತಿದೆ. ಕಟ್ಟು ತಾಲಿಬನಿಗೆ ಹೋಗುತ್ತದೆ, ಸರಿ. ಬಸಿದ ಮೇಲೆ ಪಾತ್ರೆಯಲ್ಲಿ ಉಳಿಯುವ ಬೇಳೆ ಯಾರಿಗೆ ಹೋಗುತ್ತದೆ?

ಅಂಗನವಾಡಿಯಿಂದ ಮಗುವಿನ ಹೆಸರಿಗೆ ಬರುವ ಪುಷ್ಟಿ ಪುಡಿ, ಅದು ಯಾರಿಗೆ ಹೋಗುತ್ತದೆ? ಮೊಟ್ಟೆ? ನಮ್ಮದು ಲಿಂಗವಂತರ ಮನೆ, ಮೊಟ್ಟೆಯ ಬಗ್ಗೆ ಕೇಳುವ ಹಕ್ಕು ನನಗಿಲ್ಲ. ಆದರೆ ನಿಮ್ಮ ಮನೆಯಲ್ಲಿ ಬೇಯುತ್ತದಲ್ಲ, ಅದಕ್ಕೆ ಕೇಳಿದೆ.

ಗಂಟಲಿನ ಹೆದರಿಕೆ ನಿಜವಾದದ್ದು. ಪೂರ್ಣಿಮಾ ತನ್ನ ಮಗಳಿಗೆ ಅನ್ನ, ಬೇಳೆ ಬೆರಳಿನಿಂದ ನುಣ್ಣಗೆ ಹಿಸುಕಿ, ಶೇಂಗಾ ನುಣುಪಾಗಿ ಪುಡಿ ಮಾಡಿ ಕಲೆಸಿ, ಕೂಡಿಸಿ ಉಣಿಸುತ್ತಿದ್ದಳಂತೆ. ಇಡೀ ಕಾಳು ಮಾತ್ರ ಕೊಡುತ್ತಿರಲಿಲ್ಲ. ಬೇರೆ ತಾಟಿನಲ್ಲಿ ಬಡಿಸು ಅನ್ನುತ್ತಾಳೆ. ದೊಡ್ಡವರ ತಾಟಿನಿಂದ ತುತ್ತು ಕೊಟ್ಟರೆ ಮಗು ಎಷ್ಟು ಉಂಡಿತು ಎಂದು ಯಾರಿಗೂ ಗೊತ್ತಾಗುವುದಿಲ್ಲವಂತೆ.

ಬೇಳೆಯ ವಿಷಯ ಮರೆಯದೆ ಬರೆ.

ಪದ್ದಿ


ಖಾನಾಪುರ
ಮೇ 11, 2025

ಪದ್ದಿ,

ಬೇಳೆ ಅಮ್ಜದನ ಡಬ್ಬಿಗೆ ಹೋಗುತ್ತದೆ!

ನಿನ್ನ ಪ್ರಶ್ನೆ ಓದಿ ಅಡುಗೆಮನೆಯಲ್ಲೇ ಕುಳಿತು ನಕ್ಕೆ, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಬಸಿದ ಬೇಳೆಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ದಿನಾ ಅವನಿಗೆ ಕಟ್ಟುತ್ತೇವೆ. ತಾಲಿಬ ಹುಟ್ಟಿದ ಮೇಲೆ ಅಮ್ಜದನ ಪ್ಯಾಂಟಿನ ಸೊಂಟವನ್ನು ಅಮ್ಮಿ ಎರಡು ಸಲ ಬಿಚ್ಚಿ ಅಗಲ ಮಾಡಿದ್ದಾರೆ. ಪುಷ್ಟಿ ಪುಡಿಯಲ್ಲಿ ಅಮ್ಮಿ ಬೆಲ್ಲ ಹಾಕಿ ಮನೆಮಂದಿಗೆಲ್ಲ ಉಂಡೆ ಕಟ್ಟುತ್ತಿದ್ದರು. ಅದರಲ್ಲೂ ಹೆಚ್ಚಿನ ಪಾಲು ಅವನದೇ. ಮಗನ ಉದ್ದವೆಲ್ಲ ಅಪ್ಪನ ಅಡ್ಡಕ್ಕೆ ಹೋಗಿದೆ.

ಇದನ್ನು ಊಟಕ್ಕೆ ಕುಳಿತಾಗ ಅಮ್ಜದನಿಗೆ ಹೇಳಿದೆ. ಅವನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿದ. ಮರುದಿನ ಡಬ್ಬಿ ತೆರೆದು ಬೇಳೆಯನ್ನೆಲ್ಲ ಬಟ್ಟಲಿಗೆ ಸುರಿದು, ‘ಅಮ್ಮಿ, ಇದು ಅವನ ಪಾಲು. ನನಗ ಕಟ್ಟಿನ ಸಾರು ಸಾಕು’ ಅಂದ. ಅಮ್ಮಿಗೆ ನಾನು ಹೇಳಿದ್ದು ಇಳಿದಿರಲಿಲ್ಲ, ಡಾಕ್ಟರಮ್ಮ ಹೇಳಿದ್ದೂ ಇಳಿದಿರಲಿಲ್ಲ. ಮಗ ಬರೀ ಕಟ್ಟು ಉಂಡು ಕೆಲಸಕ್ಕೆ ಹೊರಟಾಗ ಇಳಿಯಿತು. ‘ಬರೀ ನೀರು ಕುಡದು ಕಾರ್ಖಾನಿಗೆ ಹೆಂಗ ಹೊಂಟಿ?’ ಎಂದು ಬಾಗಿಲವರೆಗೆ ಬಂದವರು, ಅಲ್ಲೇ ನಿಂತರು. ತಾವು ಹೇಳಿದ್ದೇನೆಂದು ಅವರಿಗೇ ಕೇಳಿಸಿತು.

ಆ ದಿನದಿಂದ ಸೋಸುವ ಬಟ್ಟೆ ಒಲೆ ಒರೆಸಲು ಹೋಯಿತು. ಹಿಸುಕಿದ ಅನ್ನ ಬೇಳೆ, ಮೇಲೆ ಒಂದು ಚಮಚ ಎಣ್ಣೆ, ದಿನಕ್ಕೊಂದು ಮೊಟ್ಟೆ, ಶುಕ್ರವಾರ ನುಣ್ಣಗೆ ಅರೆದ ಕೀಮಾ, ಮಧ್ಯೆ ಬಾಳೆಹಣ್ಣು. ಚಹಾ ಬಂದ್. ಎದೆಹಾಲು ಇನ್ನೂ ಕೊಡುತ್ತೇನೆ. ಅವನಿಗೆ ಬೇರೆ ತಾಟು. ಮೊದಲ ವಾರ ಉಗುಳಿದ, ನನ್ನ ಕೈ ಕಚ್ಚಿದ. ಬಲವಂತ ಮಾಡಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟೆ. ಅಮ್ಮಿ ಪ್ರತಿ ತುತ್ತಿಗೂ ಅವನ ಗಂಟಲು ನೋಡುತ್ತ ಎದುರಿಗೇ ಕೂಡುತ್ತಾರೆ.

ಅಮ್ಜದ ಕಾರ್ಖಾನೆಯ ಮಣ್ಣಿನ ಕೈಯಲ್ಲೇ ಮಗನನ್ನು ಎತ್ತಿಕೊಳ್ಳುತ್ತಿದ್ದ. ಈಗ ಸಾಬೂನು ಬಾಗಿಲ ಹೊರಗೇ ಇರುತ್ತದೆ. ಬಾವಿಯ ನೀರು ಕುದಿಸಿಯೇ ಕೊಡುತ್ತೇವೆ. ಒಂದು ತಿಂಗಳಿಂದ ಭೇದಿಯಿಲ್ಲ.

ನಿನ್ನ ಕ್ಷಮೆಯನ್ನು ಅಮ್ಮಿಗೆ ಓದಿ ಹೇಳಿದೆ. ‘ಒಲಿ ಊದೂದು ಅಷ್ಟು ಸಸಾರ ಅಲ್ಲ ಅಂತ ಆಕಿಗೆ ಬರಿ’ ಅಂದರು. ಬರೆದಿದ್ದೇನೆ.

ಅಳತೆಗೆ ಮಾತ್ರ ಇನ್ನೂ ಒಪ್ಪಿಲ್ಲ. ಕದ್ದು ಇನ್ನೊಮ್ಮೆ ಕರೆದೊಯ್ಯಲು ನನಗೂ ಮನಸ್ಸಿಲ್ಲ. ಎಷ್ಟಾಗಿದ್ದಾನೋ, ಆಗಿಲ್ಲವೋ, ತಿಳಿಯದೆ ದಿನ ತಳ್ಳುತ್ತಿದ್ದೇನೆ.

ತನ್ನೂ


(ಅಂಚೆ ಕಾರ್ಡು)
ಹಿಂದವಾಡಿ
ಜೂನ್ 16, 2025

ತನ್ನೂ, ಒಂದೇ ಪ್ರಶ್ನೆ. ನಿಮ್ಮ ಅತ್ತೆಯವರು ರಮಜಾನ್ ಈದ್‌ಗೆ ಹೊಲಿದ ಪೈಜಾಮವನ್ನು ತಾಲಿಬ ಬಕ್ರೀದ್‌ಗೂ ಹಾಕಿಕೊಂಡನೇ? ಅಂಚು ಎಲ್ಲಿಗೆ ಬಂದಿದೆ? ಮಗುವನ್ನು ಅಳೆಯುವುದು ಬೇಡ, ಬಟ್ಟೆ ನೋಡಲು ಅವರಿಗೆ ಅಭ್ಯಂತರವಿರಲಿಕ್ಕಿಲ್ಲ. ಪೂರ್ಣಿಮಾಳ ಪಟ್ಟಿಯ ಕಡೆ ನಾನು ಕತ್ತು ಸಹ ತಿರುಗಿಸಿಲ್ಲ. ಕುತ್ತಿಗೆ ನೋಯುತ್ತಿದೆ. ಪದ್ದಿ


ಖಾನಾಪುರ
ಜುಲೈ 19, 2025

ಪದ್ದಿ,

ಮೊದಲು ಅಂಕಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಸರಿಯಾಗಿ ಓದುವುದಿಲ್ಲ. 78.2. ಮಲಗಿಸಿ ಅಳೆದದ್ದು. ಇಪ್ಪತ್ತೊಂದು ತಿಂಗಳಿಗೆ ಗೆರೆ ಇರುವುದು 79.4ಕ್ಕೆ, ಅಂದರೆ ಇನ್ನೂ ಕೆಳಗೇ ಇದ್ದಾನೆ. ಆದರೆ ಮಾರ್ಚಿನಲ್ಲಿ ಗೆರೆಗೂ ಅವನಿಗೂ ಎರಡೂಕಾಲು ಸೆಂಟಿಮೀಟರಿಗಿಂತ ಹೆಚ್ಚು ದೂರವಿತ್ತು, ಈಗ ಅದರ ಅರ್ಧ. ಇವತ್ತು ಬೆಳಗ್ಗೆ ದವಾಖಾನೆಗೆ ಹೋಗಿ ಹೇಳಿದಾಗ ಡಾಕ್ಟರಮ್ಮ ‘ಹಿಂಗ ನಡೀಲಿ, ಬಿಡಬ್ಯಾಡ್ರಿ’ ಅಂದರು.

ನಿನ್ನ ಕಾರ್ಡನ್ನು ಓದಿ ಹೇಳಿದ್ದೇ ತಡ, ಅಮ್ಮಿ ಪೈಜಾಮ ತಂದು ತೊಡಿಸಿದರು. ಪಾದ ಮುಚ್ಚುತ್ತಿದ್ದ ಅಂಚು ಪಾದದಿಂದ ಎರಡು ಬೆರಳು ಮೇಲೆ ನಿಂತಿತ್ತು. ಅದನ್ನು ನೋಡಿದರು, ಜಗ್ಗಿದರು, ‘ಒಗದಾಗ ಬಟ್ಟಿ ಮುದುಡಿರಬೇಕು’ ಅಂದರು. ಇನ್ನೊಂದು ವಾರಕ್ಕೆ ಮತ್ತೆ ತೊಡಿಸಿದರು. ದಿನಕ್ಕೊಂದು ಸಲ ಅವನ ಕಾಲನ್ನೇ ನೋಡುವರು. ನಿನ್ನ ರೋಗ ಅಂಚೆಯಲ್ಲಿ ಬಂದು ಅವರಿಗೂ ಅಂಟಿತು. ನಿನ್ನೆ ಪುಷ್ಟಿ ಪುಡಿ ತರಲು ತಾಲಿಬನನ್ನು ಎತ್ತಿಕೊಂಡು ನಾನು ಅಂಗನವಾಡಿಯ ದಾರಿಯಲ್ಲಿ ಹೋಗುತ್ತಿದ್ದರೆ ಬುರಖಾ ಹಾಕಿಕೊಂಡು ಹಿಂದೆಯೇ ಬಂದರು.

ಮಾಯಕ್ಕ ಹಲಗೆ ತೆಗೆಯಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಅಮ್ಮಿಯೇ ಅಂದರು: ‘ತಗಿ, ಮಾಯಕ್ಕ.’ ಹಲಗೆಯ ಸುತ್ತ ಒಮ್ಮೆ ನಡೆದರು. ಅಂಗೈಯಿಂದ ಸವರಿದರು. ಮಾಯಕ್ಕ ಹೇಳಿಕೊಟ್ಟಳು, ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ನೆಟ್ಟಗೆ ಮಾಡಬೇಕು. ತಲೆ ನಾನು ಹಿಡಿದೆ. ಮೊಣಕಾಲಿಗೆ ಮಾಯಕ್ಕ ಕೈ ಹಾಕುವ ಮೊದಲೇ ಅಮ್ಮಿ ಕೆಳಗೆ ಕುಳಿತರು. ‘ಅದು ನನ್ನ ಕೆಲಸ’ ಅಂದರು.

ಅವನ ಮೊಣಕಾಲಿನ ಮೇಲೆ ಕೈಯಿಟ್ಟರು, ಪದ್ದಿ. ಇಪ್ಪತ್ತೆಂಟು ವರ್ಷದಿಂದ ಎಷ್ಟೋ ಕಾಲುಗಳನ್ನು ನೆಟ್ಟಗೆ ಮಾಡಿದ ಕೈ. ಮೆಲ್ಲಗೆ ಒತ್ತಿದರು. ತಾಲಿಬ ಒಂದು ಗಳಿಗೆ ಸುಮ್ಮನೆ ಛಾವಣಿ ನೋಡಿದ. ಆಮೇಲೆ ಅವನು ಕಾಲು ಕಿತ್ತುಕೊಂಡು ಜಾಡಿಸಿ ಒದ್ದ ನೋಡು, ಅಮ್ಮಿಯ ಕನ್ನಡಕ ಹಾರಿ ಕಿಟಕಿಯ ಕೆಳಗೆ ಬಿತ್ತು.

‘ಏ ಪೋರಾ!’ ಎಂದು ಮಾಯಕ್ಕ ಕೂಗಿದಳು.

‘ಬೈಬ್ಯಾಡ ಅವನಿಗೆ’ ಅಂದರು ಅಮ್ಮಿ. ಗಲ್ಲ ಕೆಂಪಾಗಿತ್ತು, ಕಣ್ಣಿನಿಂದ ನೀರು ಸುರಿಯುತ್ತಿತ್ತು, ನಗುತ್ತಿದ್ದರು. ‘ಇಷ್ಟ ವರ್ಷದಾಗ ನಾ ಅಳದಾವ್ರು ಒಬ್ಬರೂ ನನಗ ಒದ್ದಿರಲಿಲ್ಲ.’ ಅಂದವರೇ ಮತ್ತೆ ಅವನ ಮೊಣಕಾಲ ಮೇಲೆ ಕೈಯಿಟ್ಟು, ಮುಖ ಹತ್ತಿರ ತಂದು ಕೇಳಿದರು: ‘ಇನ್ನೊಮ್ಮಿ ಒದಿ, ಬೇಟಾ.’

ತನ್ನೂ